ಹೊಟ್ಟೆಯುಬ್ಬರಕ್ಕೆ ನಿಂಬೆಹಣ್ಣು ಕಾರಣವೇ?

ಐಬಿಎಸ್ (ಕರುಳು ಸುಲಭವಾಗಿ ಕೆರಳುವ ತೊಂದರೆ) ಇದೆ, ಸ್ವಲ್ಪ ದಿನ ಲೋ ಫೋಡ್‌ಮ್ಯಾಪ್ ಪಥ್ಯ ಮಾಡಿ ಎಂದು ವೈದ್ಯರು ಹೇಳಿದ ಕೂಡಲೇ ನಮ್ಮ ಅಡುಗೆಮನೆಗಳಲ್ಲಿ ಮೊದಲು ನಿಂತುಹೋಗುವುದು ಹುಳಿ. ನಿಂಬೆಹಣ್ಣು, ಕಿತ್ತಳೆ, ಮೂಸಂಬಿ, ಹೇರಳೆಕಾಯಿ ಎಲ್ಲಕ್ಕೂ ಒಂದೇ ಏಟಿಗೆ ನಿಷೇಧ ಬೀಳುತ್ತದೆ. ಪಥ್ಯವೆಂದರೆ ಉಪ್ಪು, ಹುಳಿ, ಖಾರ ಬಿಡುವುದು ಎಂಬ ರೂಢಿ ನಮ್ಮಲ್ಲಿ ಆಳವಾಗಿ ಬೇರೂರಿದೆ, ಹಾಗಾಗಿ ಯಾರೂ ಇದನ್ನು ಪ್ರಶ್ನಿಸುವುದಿಲ್ಲ. ಆದರೆ ಈ ಪಥ್ಯದ ಮಟ್ಟಿಗೆ ಆ ನಂಬಿಕೆ ತಪ್ಪು. ಅದರಿಂದ ಆಗುವ ನಷ್ಟವೂ ಸಣ್ಣದಲ್ಲ. ಸೇಬು, ಮಾವು, ಕಲ್ಲಂಗಡಿ ಆಗಲೇ ಪಟ್ಟಿಯಿಂದ ಹೊರಗೆ ಹೋಗಿರುತ್ತವೆ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಉಳಿದ ಊಟಕ್ಕೆ ರುಚಿಯನ್ನೂ ಮೈಗೆ ಸಿ ಜೀವಸತ್ವವನ್ನೂ ಕೊಡಬಲ್ಲ ಹಣ್ಣುಗಳನ್ನೇ ರೋಗಿಯಿಂದ ಕಿತ್ತುಕೊಂಡರೆ ಅವರು ಪಥ್ಯವನ್ನೇ ಬಿಟ್ಟುಬಿಡುತ್ತಾರೆ.

ಫೋಡ್‌ಮ್ಯಾಪ್ ಎಂಬ ಕಲ್ಪನೆ ರೂಪುಗೊಂಡದ್ದು ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದಲ್ಲಿ. ಪೀಟರ್ ಗಿಬ್ಸನ್ ಮತ್ತು ಸೂ ಶೆಫರ್ಡ್ 2005ರಲ್ಲಿ ಈ ಹೆಸರನ್ನು ಮುಂದಿಟ್ಟರು. ಸಣ್ಣಕರುಳಿನಲ್ಲಿ ಸರಿಯಾಗಿ ಹೀರಿಕೆಯಾಗದೆ ಉಳಿಯುವ ಕೆಲವು ಬಗೆಯ ಸಕ್ಕರೆಗಳಿಗೆ ಇದು ಒಟ್ಟು ಹೆಸರು: ಈರುಳ್ಳಿ, ಬೆಳ್ಳುಳ್ಳಿ, ಗೋಧಿಯಲ್ಲಿರುವ ಫ್ರುಕ್ಟಾನ್, ಬೇಳೆಕಾಳಿನ ಗ್ಯಾಲಕ್ಟೋ-ಆಲಿಗೊಸ್ಯಾಕರೈಡ್, ಹಾಲಿನ ಲ್ಯಾಕ್ಟೋಸ್, ಗ್ಲೂಕೋಸ್‌ಗಿಂತ ಹೆಚ್ಚಿನ ಪ್ರಮಾಣದಲ್ಲಿರುವ ಫ್ರುಕ್ಟೋಸ್ ಮತ್ತು ಸಾರ್ಬಿಟಾಲ್‌ನಂಥ ಪಾಲಿಯಾಲ್‌ಗಳು. ಇವು ಕರುಳಿಗೆ ನೀರನ್ನು ಎಳೆದುಕೊಳ್ಳುತ್ತವೆ, ದೊಡ್ಡಕರುಳಿನ ಬ್ಯಾಕ್ಟೀರಿಯಾಗಳಿಂದ ಹುದುಗಿ ಗಾಳಿ ಹುಟ್ಟಿಸುತ್ತವೆ. ಸೂಕ್ಷ್ಮ ಕರುಳಿನವರಿಗೆ ಉಬ್ಬರ, ಮುರಿತ, ಭೇದಿ ಬರುವುದು ಹೀಗೆ. ನಿಂಬೆಯ ಹುಳಿಗೆ ಕಾರಣವಾದ ಸಿಟ್ರಿಕ್ ಆಮ್ಲ ಈ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ಅದು ಸಕ್ಕರೆಯೇ ಅಲ್ಲ. ನಾಲಿಗೆಗೆ ಎಷ್ಟು ಹುಳಿಯಾಗಿದೆ ಎಂಬುದರಿಂದ ಫೋಡ್‌ಮ್ಯಾಪ್ ಎಷ್ಟಿದೆ ಎಂದು ಅಳೆಯಲು ಬರುವುದಿಲ್ಲ.

ಹಾಗಾದರೆ ಈ ಹಣ್ಣುಗಳಲ್ಲಿ ಸಕ್ಕರೆ ಎಷ್ಟಿದೆ? ಒಂದು ದೊಡ್ಡ ಚಮಚ ನಿಂಬೆರಸದಲ್ಲಿ ಎಲ್ಲ ಸಕ್ಕರೆಗಳನ್ನು ಕೂಡಿಸಿದರೂ ಅರ್ಧ ಗ್ರಾಂ ಆಗುವುದಿಲ್ಲ. ಕಿತ್ತಳೆ ಸಿಹಿ ನಿಜ, 100 ಗ್ರಾಂ ತೊಳೆಯಲ್ಲಿ ಸುಮಾರು 2 ಗ್ರಾಂ ಗ್ಲೂಕೋಸ್, ಅದಕ್ಕಿಂತ ತುಸು ಹೆಚ್ಚು ಫ್ರುಕ್ಟೋಸ್, 4 ಗ್ರಾಂನಷ್ಟು ಸುಕ್ರೋಸ್ ಇರುತ್ತದೆ. ಇಲ್ಲಿ ಗಮನಿಸಬೇಕಾದದ್ದು ಮೊತ್ತಕ್ಕಿಂತ ಸಮತೋಲನ. ಜೊತೆಯಲ್ಲಿ ಗ್ಲೂಕೋಸ್ ಇದ್ದರೆ ಫ್ರುಕ್ಟೋಸ್ ಕರುಳಿನಲ್ಲಿ ಸುಲಭವಾಗಿ ಹೀರಿಕೆಯಾಗುತ್ತದೆ. ಸೇಬಿನಲ್ಲಿ ಫ್ರುಕ್ಟೋಸ್ ಬಹಳ ಮುಂದಿದೆ, ಮೇಲಾಗಿ ಸಾರ್ಬಿಟಾಲ್ ಇದೆ, ಆದ್ದರಿಂದಲೇ ಅದು ತೊಂದರೆ ಕೊಡುತ್ತದೆ. ಕಿತ್ತಳೆಯಲ್ಲಿ ಎರಡೂ ಹೆಚ್ಚುಕಡಿಮೆ ಸಮನಾಗಿವೆ. ಹಾಗಂತ ಲೋಟಗಟ್ಟಲೆ ಜ್ಯೂಸ್ ಕುಡಿಯಬಹುದು ಎಂದಲ್ಲ. ಒಂದು ದೊಡ್ಡ ಲೋಟ ಜ್ಯೂಸ್‌ಗೆ ಮೂರು ನಾಲ್ಕು ಹಣ್ಣು ಬೇಕು, ಒಂದು ಹಣ್ಣಿನಲ್ಲಿ ನಗಣ್ಯವಾಗಿದ್ದ ಹೆಚ್ಚುವರಿ ಫ್ರುಕ್ಟೋಸ್ ನಾಲ್ಕರಲ್ಲಿ ಲೆಕ್ಕಕ್ಕೆ ಬರುತ್ತದೆ. ಬಿಡಿಸಿದ ತೊಳೆ ತಿನ್ನುವುದೇ ಲೇಸು.

ನಿಂಬೆಯ ಹೆಸರು ಕೆಡಿಸಿರುವುದು ಅದರ ಜೊತೆಗಾರರು. ಬೆಳಗೆದ್ದು ಬಿಸಿನೀರಿಗೆ ನಿಂಬೆ ಹಿಂಡಿ ಜೇನು ಬೆರೆಸಿ ಕುಡಿಯುವ ಅಭ್ಯಾಸವನ್ನೇ ನೋಡಿ. ಜೇನಿನ ತೂಕದಲ್ಲಿ ಶೇ. 40ರ ಆಸುಪಾಸು ಫ್ರುಕ್ಟೋಸ್, ಗ್ಲೂಕೋಸ್ ಶೇ. 30ರ ಆಸುಪಾಸು. ದೊಡ್ಡ ಚಮಚದಲ್ಲಿ ಹಾಕಿಕೊಂಡರೆ ಹೊಟ್ಟೆ ಉಬ್ಬುತ್ತದೆ, ಬೈಗುಳ ನಿಂಬೆಗೆ ಬೀಳುತ್ತದೆ. ಅದೇ ಪಾನಕವನ್ನು ಒಂದು ಚಮಚ ಸಕ್ಕರೆ ಹಾಕಿ ಮಾಡಿದರೆ ಈ ತೊಡಕಿಲ್ಲ, ಏಕೆಂದರೆ ಸಕ್ಕರೆಯಲ್ಲಿ ಎರಡೂ ಸಮ. ಚಿತ್ರಾನ್ನದ ಕತೆಯೂ ಇದೇ. ಅದರಲ್ಲಿ ಕಾಡುವುದು ಹುರಿದ ಈರುಳ್ಳಿ. ಫ್ರುಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಆದ್ದರಿಂದ ಬೆಳ್ಳುಳ್ಳಿಯ ಪರಿಮಳ ಬೇಕೆನ್ನುವವರು ಇಡೀ ಎಸಳುಗಳನ್ನು ಬರೀ ಎಣ್ಣೆಯಲ್ಲಿ ಕೆಂಪಗೆ ಹುರಿದು, ಒಂದನ್ನೂ ಬಿಡದೆ ತೆಗೆದುಹಾಕಿ, ಆ ಎಣ್ಣೆಗೆ ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ ಒಗ್ಗರಣೆ ಕೊಟ್ಟು, ಅರಿಸಿನದ ಅನ್ನ ಕಲಸಿ, ಕೊನೆಗೆ ನಿಂಬೆ ಹಿಂಡಬಹುದು. ಸಾರಿನಲ್ಲಿ ಈ ಉಪಾಯ ನಡೆಯದು. ಈರುಳ್ಳಿಯನ್ನು ಸಾರಿನಲ್ಲಿ ಕುದಿಸಿ ಹೋಳು ಎತ್ತಿಟ್ಟರೂ ಫ್ರುಕ್ಟಾನ್ ನೀರಿಗೆ ಇಳಿದಿರುತ್ತದೆ. ಬೇಳೆ ಕಟ್ಟಿನದೂ ಹಾಗೆಯೇ: ತಿಳಿಯಾಗಿದೆ, ಹಗುರ ಎಂದು ರೋಗಿಗೆ ಕೊಡುವ ಆ ನೀರಿಗೇ ಬೇಳೆಯ ಸಕ್ಕರೆ ಇಳಿದಿರುತ್ತದೆ. ಬಸಿದ ಬೇಳೆಯೇ ಅದಕ್ಕಿಂತ ವಾಸಿ. ಬೇಳೆಯಿಲ್ಲದೆ ಟೊಮ್ಯಾಟೊ, ಮೆಣಸು, ಜೀರಿಗೆಯ ಸಾರು ಮಾಡಿ, ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡಿದರೆ ಕಹಿಯಾಗುವುದಿಲ್ಲ, ಸಿ ಜೀವಸತ್ವವೂ ಹೆಚ್ಚು ಉಳಿಯುತ್ತದೆ.

ನಿಂಬೆ ತಿಂದರೆ ನನಗೆ ಉರಿ ಬರುವುದು ಸುಳ್ಳೇ ಎಂದು ಯಾರಾದರೂ ಕೇಳಿಯಾರು. ಸುಳ್ಳಲ್ಲ. ಆದರೆ ಎದೆಯುರಿ, ಹುಳಿತೇಗು ಆಮ್ಲ ಮೇಲಕ್ಕೆ ನುಗ್ಗುವ ತೊಂದರೆ. ಅದು ಸಾಮಾನ್ಯವಾಗಿ ತಿಂದ ಸ್ವಲ್ಪ ಹೊತ್ತಿಗೇ ಎದೆಯ ಹತ್ತಿರ ಕಾಣಿಸುತ್ತದೆ. ಫೋಡ್‌ಮ್ಯಾಪ್ ಕೊಡುವ ಉಬ್ಬರ ಹೊಟ್ಟೆಯ ಕೆಳಭಾಗದ್ದು, ಹೆಚ್ಚಾಗಿ ಕೆಲವು ಗಂಟೆ ಕಳೆದ ಮೇಲಿನದು. ಎರಡೂ ಒಬ್ಬರಲ್ಲೇ ಇರಬಹುದು, ಎದೆಯುರಿ ಇರುವವರು ಹುಳಿ ಕಡಿಮೆ ಮಾಡುವುದು ಸರಿಯೇ. ಅದನ್ನು ಐಬಿಎಸ್ ಇರುವ ಎಲ್ಲರಿಗೂ ನಿಯಮ ಮಾಡುವುದು ಸರಿಯಲ್ಲ. ಇದಕ್ಕೆ ತದ್ವಿರುದ್ಧವಾದ ನಂಬಿಕೆಯೂ ಉಂಟು: ನಿಂಬೆ ಹಿಂಡಿದರೆ ಕಡಲೆಕಾಳಿನ ವಾಯು ಸತ್ತುಹೋಗುತ್ತದೆ ಎಂಬುದು. ತಟ್ಟೆಯಲ್ಲಿ ಹಿಂಡಿದ ನಾಲ್ಕು ಹನಿ ರಸ ಕಾಳಿನೊಳಗಿನ ಸಕ್ಕರೆಯನ್ನು ಒಡೆಯಲಾರದು.

ಮೊನಾಶ್‌ನ ಫೋಡ್‌ಮ್ಯಾಪ್ ಪಟ್ಟಿಗಳು ಬಹುಪಾಲು ಅಲ್ಲಿನ ಹಣ್ಣುಗಳ ಮೇಲೆ ನಡೆದ ಪರೀಕ್ಷೆಗಳಿಂದ ಬಂದವು, ನಮ್ಮ ಕೊಡಗಿನ ಕಿತ್ತಳೆಗೂ ಇಂಡಿಯ ನಿಂಬೆಗೂ ಅವು ಅನ್ವಯವೇ ಎಂಬ ಆಕ್ಷೇಪದಲ್ಲಿ ಹುರುಳಿದೆ. ತಳಿ, ಮಾಗಿದ ಹದ ಬದಲಾದಂತೆ ಸಕ್ಕರೆಯ ಪ್ರಮಾಣ ಬದಲಾಗುತ್ತದೆ. ನಿಂಬೆರಸ ಬಳಕೆಯಾಗುವುದೇ ಚಮಚದ ಲೆಕ್ಕದಲ್ಲಿ, ಅಲ್ಲಿ ವ್ಯತ್ಯಾಸ ಬಾಧಿಸದು. ಕಿತ್ತಳೆ ಮೂಸಂಬಿಯ ವಿಷಯದಲ್ಲಿ ಅರ್ಧ ಹಣ್ಣಿನಿಂದ ಆರಂಭಿಸಿ ನೋಡುವುದು ಕ್ಷೇಮ. ಈ ಪಥ್ಯದ ಕ್ರಮವೂ ಅದೇ: ಎರಡರಿಂದ ಆರು ವಾರ ಕಟ್ಟುನಿಟ್ಟು, ಆಮೇಲೆ ಬಿಟ್ಟ ಆಹಾರವನ್ನು ಒಂದೊಂದಾಗಿ ಮರಳಿ ತಂದು ಪರೀಕ್ಷೆ, ಕೊನೆಗೆ ತಮ್ಮ ಕರುಳಿಗೆ ಒಗ್ಗುವ ಊಟ. ಜೀವನಪೂರ್ತಿ ಮಾಡುವ ಪಥ್ಯ ಇದಲ್ಲ. ಡಯಟಿಷಿಯನ್ ಬಳಿ ಹೋಗುವಾಗ ಬಿಟ್ಟಿರುವ ಪದಾರ್ಥಗಳ ಪಟ್ಟಿಯನ್ನು ಬರೆದುಕೊಂಡು ಹೋಗಿ, ಅದರಲ್ಲಿ ನಿಂಬೆ, ಕಿತ್ತಳೆ ಇದ್ದರೆ ಯಾಕೆ ಬಿಟ್ಟಿರಿ ಎಂಬುದನ್ನೂ ಹೇಳಿ, ಮರಳಿ ಶುರುಮಾಡಬಹುದೇ ಎಂದು ಕೇಳಿ.