ವಕ್ರಾದ ಶುಕ್ರವಾರಗಳು

ಹೊರನಾಡ ಕನ್ನಡಿಗರು ಎರಡು ವರ್ಷಕ್ಕೊಮ್ಮೆ ಒಂದೆಡೆ ನೆರೆದಾಗ ದೊಡ್ಡ ವಿಷಯಗಳ ಚರ್ಚೆ ನಡೆಯುವುದು ಸಹಜವೇ ಆಗಿದೆ. ಭಾಷೆಯ ಅಳಿವು ಉಳಿವು, ಸಂಸ್ಕೃತಿಯ ರಕ್ಷಣೆ, ಮುಂದಿನ ಪೀಳಿಗೆಯ ಹೊಣೆ ಇವೆಲ್ಲ ವೇದಿಕೆಗೆ ಒಪ್ಪುವ ಮಾತುಗಳು. ಆದರೆ ಸಮ್ಮೇಳನ ಮುಗಿದು ನಾವು ನಮ್ಮ ನಮ್ಮ ಊರುಗಳಿಗೆ ಮರಳಿದ ಮೇಲೆ ಕೈಗೆ ದಕ್ಕುವುದೇನು? ವಾರಕ್ಕೊಂದು ರಜೆ, ಒಂದು ಅಡುಗೆಮನೆ, ಕಪಾಟಿನಲ್ಲಿ ನಾಲ್ಕಾರು ಪುಸ್ತಕ, ಮಕ್ಕಳೊಡನೆ ಕಳೆಯಬಹುದಾದ ಕೆಲವು ಗಂಟೆ. ಇಷ್ಟರಲ್ಲಿಯೇ ಕನ್ನಡ ಬದುಕಬೇಕು. ಅಂಥ ಸಣ್ಣ ಸುಖಗಳನ್ನು ಕುರಿತು, ನಾವು ನೆಲೆಸಿರುವ ಅಲ್ ವಕ್ರಾದಿಂದ ಕೆಲವು ಮಾತುಗಳನ್ನು ಸಹೃದಯ ಪ್ರತಿನಿಧಿಗಳ ಮುಂದಿಡಲು ಬಯಸುತ್ತೇನೆ.

ಅಲ್ ವಕ್ರಾ ಕತಾರಿನ ರಾಜಧಾನಿ ದೋಹಾದಿಂದ ದಕ್ಷಿಣಕ್ಕೆ ಸುಮಾರು 15 ಕಿಲೋಮೀಟರ್ ದೂರದಲ್ಲಿರುವ ಕಡಲ ತಡಿಯ ಊರು. ಒಂದು ಕಾಲಕ್ಕೆ ಇದು ಮೀನುಗಾರರ, ಮುತ್ತು ಹೆಕ್ಕುವವರ ಊರಾಗಿತ್ತು. ಕಳೆದ ಶತಮಾನದ ಮೂವತ್ತರ ದಶಕದಲ್ಲಿ ಜಪಾನಿನ ಸಾಕು ಮುತ್ತುಗಳು ಮಾರುಕಟ್ಟೆಯನ್ನು ಆಕ್ರಮಿಸಿದಾಗ ಆ ಕಸುಬು ಕುಸಿಯಿತು. ಮರದ ಹಾಯಿದೋಣಿಗಳ ನೆನಪು ಮಾತ್ರ ಅಳಿದಿಲ್ಲ. 2019ರಲ್ಲಿ ಇಲ್ಲಿ ಉದ್ಘಾಟನೆಗೊಂಡ ಅಲ್ ಜನೂಬ್ ಕ್ರೀಡಾಂಗಣಕ್ಕೆ ವಾಸ್ತುಶಿಲ್ಪಿ ಜಹಾ ಹದೀದ್ ಅವರ ಸಂಸ್ಥೆ ಕೊಟ್ಟ ರೂಪಕ್ಕೆ ಆ ಹಾಯಿಗಳೇ ಪ್ರೇರಣೆ. 2022ರ ವಿಶ್ವಕಪ್ ಫುಟ್‌ಬಾಲಿನ ಕೆಲವು ಪಂದ್ಯಗಳು ಅಲ್ಲಿ ನಡೆದವು. ಇನ್ನೊಂದು ಸಂಗತಿ ನಮ್ಮವರಿಗೆ ಕುತೂಹಲ ತರಬಹುದು. 1966ರವರೆಗೆ ಈ ನಾಡಿನಲ್ಲಿ ಚಲಾವಣೆಯಲ್ಲಿದ್ದುದು ಭಾರತದ ರೂಪಾಯಿ. 1959ರಿಂದೀಚೆಗೆ ನಮ್ಮ ರಿಸರ್ವ್ ಬ್ಯಾಂಕು ಕೊಲ್ಲಿಯ ನಾಡುಗಳಿಗಾಗಿಯೇ ಬೇರೆ ಬಣ್ಣದ ನೋಟುಗಳನ್ನು ಅಚ್ಚು ಹಾಕಿಸುತ್ತಿತ್ತು. ಆದ್ದರಿಂದ ಇಲ್ಲಿನ ಹಿರಿಯರಿಗೆ ನಾವು ತೀರ ಅಪರಿಚಿತರಲ್ಲ.

ಈ ಊರಿನ ಬಾಡಿಗೆ ಮನೆಗೆ ನಾವು ಬಂದಾಗ ಅಡುಗೆಮನೆಯಲ್ಲಿ ನಾಲ್ಕು ಉರಿಗಳ ಗ್ಯಾಸ್ ಒಲೆಯೂ ಅದರ ಹೊಟ್ಟೆಯಲ್ಲಿ ಒಂದು ಓವನ್ನೂ ಇದ್ದವು. ಓವನ್ನಿನ ಉಪಯೋಗ ನಮಗೆ ತಿಳಿಯದ್ದೇನಲ್ಲ. ಆದರೂ ಬಹುತೇಕ ಭಾರತೀಯ ಮನೆಗಳಲ್ಲಿ ನಡೆಯುವಂತೆ ನಮ್ಮಲ್ಲಿಯೂ ಅದು ಬಾಣಲೆ, ದೋಸೆ ಕಾವಲಿ, ಮುಚ್ಚಳಗಳನ್ನಿಡುವ ಕಪಾಟಾಯಿತು. ಆರು ವರ್ಷಗಳ ಕಾಲ ಅದರೊಳಗೆ ಬೆಂಕಿ ಹೊತ್ತಲಿಲ್ಲ.

ಅದೇ ಆರು ವರ್ಷಗಳಲ್ಲಿ ಮಗಳಿಗೆ ಕನ್ನಡ ಕಲಿಸುವ ನಮ್ಮ ಪ್ರಯತ್ನವೂ ಸೋತಿತ್ತು. ಪ್ರತಿ ಶುಕ್ರವಾರ ಬೆಳಿಗ್ಗೆ ಒಂದು ಗಂಟೆ ಪಾಠ. ಕಾಗುಣಿತ, ಉಕ್ತಲೇಖನ, ತಪ್ಪಾದ ಪದಗಳನ್ನು ಹತ್ತು ಹತ್ತು ಸಲ ಬರೆಯುವುದು. ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಅರಬ್ಬಿ ಮೂರನ್ನೂ ಕಲಿಯುವ ಮಗುವಿಗೆ ಇರುವ ಒಂದು ರಜೆಯೂ ಹೀಗೆ ಕಳೆಯುತ್ತಿತ್ತು. ಹನ್ನೊಂದರ ಹರೆಯಕ್ಕೆ ಬಂದಾಗ ಆಕೆ ಅಕ್ಷರಗಳನ್ನು ಬಲ್ಲವಳಾಗಿದ್ದಳು, ಆದರೆ ಕನ್ನಡದ ಪುಸ್ತಕ ಕಂಡರೆ ಮುಖ ತಿರುಗಿಸುತ್ತಿದ್ದಳು. ನಾವು ಆಕೆಗೆ ಭಾಷೆಯನ್ನು ಕೊಟ್ಟಿರಲಿಲ್ಲ, ಭಾಷೆಯ ಶಿಕ್ಷೆಯನ್ನು ಕೊಟ್ಟಿದ್ದೆವು. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು.

ಬದಲಾವಣೆ ಬಂದದ್ದು ಒಂದು ಹಳೆಯ ನೋಟುಪುಸ್ತಕದಿಂದ. ಹಾಸನ ಜಿಲ್ಲೆಯ ನಮ್ಮೂರಿನಿಂದ ಒಮ್ಮೆ ಮರಳುವಾಗ ನನ್ನ ತಾಯಿ ತಮ್ಮ ಅಡುಗೆಯ ಟಿಪ್ಪಣಿಗಳನ್ನು ನನ್ನ ಪೆಟ್ಟಿಗೆಯಲ್ಲಿಟ್ಟಿದ್ದರು. ಶಾಲೆಯಲ್ಲಿ ಗೆಳತಿಯರು ಬಿಸ್ಕತ್ತು ಮಾಡುವ ಮಾತಾಡುವುದನ್ನು ಕೇಳಿ ಬಂದ ಮಗಳು ತಾನೂ ಮಾಡುವೆನೆಂದು ಹಟ ಹಿಡಿದಾಗ, ಆ ಪುಸ್ತಕದಲ್ಲಿ ‘ಖಾರಾ ಬಿಸ್ಕತ್ತು’ ಎಂಬ ಪುಟವಿರುವುದು ನೆನಪಾಯಿತು. ನಾನು ಸುಮ್ಮನೆ ಪುಸ್ತಕವನ್ನು ಅವಳ ಕೈಗಿತ್ತು, ಓವನ್ನಿನಿಂದ ಬಾಣಲೆಗಳನ್ನು ತೆಗೆದು ಹೊರಗಿಟ್ಟೆ.

ಖಾರಾ ಬಿಸ್ಕತ್ತು ನಮ್ಮ ಜಿಲ್ಲೆಯ ಹೆಮ್ಮೆಯ ಕಥೆಯ ಭಾಗವೂ ಹೌದು. ಹಾಸನದ ಕಡೆಯ ಹಳ್ಳಿಗಳಿಂದ ಹೊರಟ ಅಯ್ಯಂಗಾರರು ಬೆಂಗಳೂರಿನಲ್ಲಿ ಬೇಕರಿಗಳನ್ನು ತೆರೆದರು. ಚಿಕ್ಕಪೇಟೆಯಲ್ಲಿ ಎಚ್.ಎಸ್. ತಿರುಮಲಾಚಾರ್ ಅವರು ಆರಂಭಿಸಿದ ಬಿ.ಬಿ. ಬೇಕರಿಯ ಕಾಲವನ್ನು 1898 ಎಂದು ಹೇಳುತ್ತಾರೆ. ಮೊಟ್ಟೆಯಿಲ್ಲದ ಕೇಕು, ಖಾರಾ ಬನ್ನು, ದಿಲ್ ಪಸಂದ್ ಇವೆಲ್ಲ ಆ ಬೇಕರಿಗಳ ಹೆಸರಿನೊಡನೆ ನಾಡಿನುದ್ದಕ್ಕೂ ಹರಡಿದವು. ಪಾಶ್ಚಾತ್ಯರ ಒಲೆಗೆ ನಮ್ಮ ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿಗಳನ್ನು ಸೇರಿಸಿದ ಆ ಜಾಣ್ಮೆ ಅಲ್ಪವಾದುದಲ್ಲ. ಮನೆಗಳಲ್ಲಿ ಓವನ್ ಎಲ್ಲಿಂದ ಬರಬೇಕು? ದಪ್ಪ ತಳದ ಪಾತ್ರೆಯಲ್ಲಿ ಮರಳು ಹರವಿ, ಕೆಳಗೆ ಕೆಂಡ, ಮುಚ್ಚಳದ ಮೇಲೂ ಕೆಂಡವಿಟ್ಟು ಸುಡುತ್ತಿದ್ದರು. ತಾಯಿಯ ಟಿಪ್ಪಣಿಯೂ ಆ ವಿಧಾನದ್ದೇ.

‘ಮೈದಾ ಎರಡು ಪಾವು, ಬೆಣ್ಣೆ ಒಂದು ಚಟಾಕು’ ಎಂದು ಮಗಳು ಅಕ್ಷರ ಕೂಡಿಸಿ ಓದಿದಳು. ಪಾವು ಎಂದರೇನು? ನಾಲ್ಕು ಪಾವಿಗೆ ಒಂದು ಸೇರು, ಪಾವಿನ ಕಾಲುಭಾಗ ಚಟಾಕು. ಲೋಟವೊಂದನ್ನು ಪಾವೆಂದು ನೇಮಿಸಿಕೊಂಡೆವು. ‘ಕೆಂಡ ಹದವಾಗಿರಲಿ’ ಎಂಬಲ್ಲಿ ಆಕೆ ನಿಂತಳು. ‘ಹದ ಅಂದರೆ ಎಷ್ಟು ಡಿಗ್ರಿ?’ ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮಣ್ಣಿಗೆ ಹದವುಂಟು, ಹಿಟ್ಟಿಗುಂಟು, ಮಾತಿಗೂ ಉಂಟು. ಹೆಚ್ಚೂ ಅಲ್ಲದ ಕಡಿಮೆಯೂ ಅಲ್ಲದ ಅದನ್ನು ಕೈಯೇ ತಿಳಿಯಬೇಕು ಎಂದೆ. ಕೊನೆಗೆ ಓವನ್ನಿನ ಮುಳ್ಳನ್ನು 170 ಡಿಗ್ರಿ ಸೆಲ್ಸಿಯಸ್ಸಿಗೆ ತಿರುಗಿಸಿದೆವು.

ಅದು ಜೂನ್ ತಿಂಗಳು. ಇಲ್ಲಿ ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೂ ಬರುವುದು ಬಿಸಿನೀರೇ, ಏಕೆಂದರೆ ತೊಟ್ಟಿ ಮಾಳಿಗೆಯ ಮೇಲೆ ಬಿಸಿಲಿನಲ್ಲಿ ಕಾದಿರುತ್ತದೆ. ಬೆಣ್ಣೆ ಬೆರಳಲ್ಲಿಯೇ ಕರಗಿತು. ಬೆಣ್ಣೆ ಗಟ್ಟಿಯಾಗಿ ಹಿಟ್ಟಿನೊಳಗೆ ಹರಳು ಹರಳಾಗಿ ಉಳಿದರೆ ಮಾತ್ರ ಬಿಸ್ಕತ್ತು ಗರಿಗರಿಯಾಗಿ ಬಿಡಿಸಿಕೊಳ್ಳುತ್ತದೆ. ಆದ್ದರಿಂದ ಕಲಸಿದ ಹಿಟ್ಟನ್ನು ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಟ್ಟು ಲಟ್ಟಿಸಿದೆವು. ಮೊಸರಿನ ಹುಳಿ ಸೋಡಾದೊಡನೆ ಕೂಡಿ ಗಾಳಿ ಹುಟ್ಟಿಸಿತು, ಬಿಸ್ಕತ್ತು ಉಬ್ಬಿತು, ಕರಿಬೇವಿನ ಘಮ ಮೆಟ್ಟಿಲವರೆಗೆ ಹರಿಯಿತು. ಬಾಯಿಗಿಟ್ಟರೆ ಸಪ್ಪೆ! ಪುಟವನ್ನು ಮತ್ತೆ ಓದಿದೆವು. ಉಪ್ಪಿನ ಹೆಸರೇ ಇರಲಿಲ್ಲ.

ಊರಿಗೆ ಫೋನು ಮಾಡಿದಾಗ ತಾಯಿ ಮನಸಾರೆ ನಕ್ಕರು. ‘ಉಪ್ಪು ಹಾಕು ಅಂತ ಯಾರಾದರೂ ಬರೆದಿಡುತ್ತಾರೆಯೇ?’ ಎಂದರು. ಆ ದಿನ ಅಜ್ಜಿ ಮೊಮ್ಮಗಳು ಮುಕ್ಕಾಲು ಗಂಟೆ ಮಾತನಾಡಿದರು. ಅಲ್ಲಿಯವರೆಗೆ ಅವರ ಸಂಭಾಷಣೆ ‘ಊಟ ಆಯಿತೆ, ಶಾಲೆ ಹೇಗಿದೆ’ ಎಂಬಲ್ಲಿಗೆ ಮುಗಿಯುತ್ತಿತ್ತು. ಈಗ ಮಾತಿಗೆ ವಿಷಯವೊಂದು ಸಿಕ್ಕಿತ್ತು. ಮಗಳು ಪೆನ್ಸಿಲಿನಿಂದ ಪುಟದ ಅಂಚಿನಲ್ಲಿ ‘ಉಪ್ಪು ಒಂದು ಚಮಚ’ ಎಂದು ಬರೆದಳು. ಯಾರೂ ಹೇಳದೆ ಆಕೆ ಬರೆದ ಮೊದಲ ಕನ್ನಡ ವಾಕ್ಯವದು.

ಚಳಿಗಾಲ ಬಂದೊಡನೆ ಬಿಸ್ಕತ್ತಿನ ಡಬ್ಬಿ ನಮ್ಮೊಡನೆ ಹೊರಸಂಚಾರಕ್ಕೂ ಹೊರಟಿತು. ನವೆಂಬರಿನಿಂದ ಮಾರ್ಚಿಯವರೆಗೆ ಇಲ್ಲಿನ ಸಂಜೆಗಳು ಹಿತವಾಗಿರುತ್ತವೆ. ಹಳೆಯ ಮಾದರಿಯಲ್ಲಿ ಮತ್ತೆ ಕಟ್ಟಿದ ವಕ್ರಾದ ಸೂಕ್, ಅಂದರೆ ಪೇಟೆ, ಕಡಲಿಗೆ ಹೊಂದಿಕೊಂಡಿದೆ. ಕಂದು ಗೋಡೆಯ ಓಣಿಗಳನ್ನು ದಾಟಿದರೆ ಮರಳು, ಅದರಾಚೆ ಅಲೆಯಿಲ್ಲದ ನೀರು. ಏಲಕ್ಕಿ ಹಾಕಿ ಕುದಿಸಿದ ಕಡಕ್ ಚಹಾಕ್ಕೆ ಇಲ್ಲಿ ‘ಕರಕ್’ ಎನ್ನುತ್ತಾರೆ. ಪದವೂ ಪಾನೀಯವೂ ನಮ್ಮ ಕಡೆಯಿಂದಲೇ ಬಂದವು. ‘ಬಲಾಲೀತ್’ ಎಂಬ ಸ್ಥಳೀಯ ತಿಂಡಿಯನ್ನು ಕಂಡು ಮಗಳು ‘ಇದು ಶಾವಿಗೆ!’ ಎಂದು ಉದ್ಗರಿಸಿದಳು. ಕೇಸರಿ, ಏಲಕ್ಕಿ ಹಾಕಿದ ಸಿಹಿ ಶಾವಿಗೆಯೇ ಹೌದು, ಮೇಲೊಂದು ಮೊಟ್ಟೆಯ ಹೊದಿಕೆ.

ಒಂದು ಸಂಜೆ ನಮ್ಮ ಕನ್ನಡವನ್ನು ಕೇಳಿ ಇಬ್ಬರು ಯುವಕರು ಹತ್ತಿರ ಬಂದರು. ವಿಜಯಪುರದ ಕಡೆಯವರು, ಕಟ್ಟಡದ ಕೆಲಸದಲ್ಲಿದ್ದವರು. ಡಬ್ಬಿಯನ್ನು ಮುಂದೆ ಚಾಚಿದೆವು. ಅವರಲ್ಲೊಬ್ಬರು ಬಿಸ್ಕತ್ತನ್ನು ಅರ್ಧ ತಿಂದು, ಉಳಿದ ಅರ್ಧವನ್ನು ಕೈಯಲ್ಲೇ ಹಿಡಿದು, ಊರಲ್ಲಿ ತಮಗೂ ಇದೇ ವಯಸ್ಸಿನ ಮಗಳಿದ್ದಾಳೆಂದೂ, ಆಕೆ ಓದುವುದನ್ನು ಫೋನಿನಲ್ಲಿ ಮಾತ್ರ ಕೇಳಿದ್ದೇನೆಂದೂ ಹೇಳಿದರು. ಕುಟುಂಬವನ್ನು ಕರೆತರಬೇಕಾದರೆ ಇಲ್ಲಿ ಸಂಬಳಕ್ಕೊಂದು ಮಿತಿಯುಂಟು. ಆ ಮಿತಿಯ ಕೆಳಗಿರುವವರೇ ಬಹುಸಂಖ್ಯಾತರು. ನಾವು ಸಾಮಾನ್ಯವೆಂದು ತಿಳಿದ ಶುಕ್ರವಾರ ಅವರ ಪಾಲಿಗೆ ಎಟುಕದ ಐಶ್ವರ್ಯ. ಅಂದಿನಿಂದ ನಮ್ಮ ಡಬ್ಬಿ ದೊಡ್ಡದಾಯಿತು.

ಇನ್ನು ಓದಿನ ಮಾತು. ಬಿಸ್ಕತ್ತಿನ ಪಾಠದಿಂದ ನಾವೇ ಬುದ್ಧಿ ಕಲಿತು ಶುಕ್ರವಾರದ ಉಕ್ತಲೇಖನವನ್ನು ಕೈಬಿಟ್ಟೆವು. ಅದರ ಬದಲು ಮೂರು ಸ್ವಾತಂತ್ರ್ಯಗಳನ್ನು ಘೋಷಿಸಿದೆವು: ಬೇಸರವಾದರೆ ಪುಸ್ತಕವನ್ನು ನಡುವೆಯೇ ಬಿಡಬಹುದು, ತಿಳಿಯದ ಪದವನ್ನು ಹಾರಿಸಬಹುದು, ಓದಿದ ಮೇಲೆ ‘ಇದರ ನೀತಿಯೇನು?’ ಎಂದು ಯಾರೂ ಕೇಳಕೂಡದು. ಮಕ್ಕಳಿಗೆ ಸಂತೋಷಕ್ಕಾಗಿ ಬರೆಯಬೇಕೆಂಬ ಅರಿವು ನಮ್ಮಲ್ಲಿ ಹೊಸತಲ್ಲ. ಮಂಗಳೂರಿನ ಪಂಜೆ ಮಂಗೇಶರಾಯರು ಮಕ್ಕಳ ಹಾಡು ಕಥೆಗಳನ್ನು ಬರೆದರು. ಶಿವರಾಮ ಕಾರಂತರು 1936ರಲ್ಲಿಯೇ ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನು ಮೂರು ಸಂಪುಟಗಳಲ್ಲಿ ಹೊರತಂದರು. ‘ಚಂದಮಾಮ’ದ ಕನ್ನಡ ಆವೃತ್ತಿ 1949ರಲ್ಲಿ ಆರಂಭವಾಗಿ ದಶಕಗಳ ಕಾಲ ಮಕ್ಕಳನ್ನು ಕಾಯಿಸಿತು; ಅದು ಈಗ ನಿಂತುಹೋಗಿದೆಯಾದರೂ ಹಳೆಯ ಸಂಚಿಕೆಗಳು ನಮ್ಮಂಥವರ ಮನೆಗಳಲ್ಲಿ ಉಳಿದಿವೆ.

ತಾನೇ ಓದಲಾರದ ದೊಡ್ಡ ಪುಸ್ತಕಗಳನ್ನು ನಾವು ಗಟ್ಟಿಯಾಗಿ ಓದಿ ಹೇಳತೊಡಗಿದೆವು. ತೇಜಸ್ವಿಯವರ ‘ಕರ್ವಾಲೊ’ ಮೂರು ತಿಂಗಳ ಶುಕ್ರವಾರಗಳನ್ನು ತೆಗೆದುಕೊಂಡಿತು. 1980ರ ಆ ಕಾದಂಬರಿಯಲ್ಲಿ ಹಾರುವ ಓತಿಯನ್ನರಸಿ ಮಲೆನಾಡಿನ ಕಾಡು ಹೊಕ್ಕವರ ಹಿಂದೆ, ಒಂದು ಮರವೂ ಸರಿಯಾಗಿ ಬೆಳೆಯದ ಈ ಮರಳುಗಾಡಿನ ಮಗುವೂ ಹೊರಟಿತು. ಮಂದಣ್ಣನ ಮಾತಿಗೆ ಆಕೆ ನಕ್ಕ ದಿನ ನನಗಾದ ನೆಮ್ಮದಿಯನ್ನು ಹೇಳಲಾರೆ. ಭಾಷೆಯೊಂದರಲ್ಲಿ ನಗುವವರು ಅದನ್ನು ಸುಲಭವಾಗಿ ಬಿಡುವುದಿಲ್ಲ.

ಪುಸ್ತಕಗಳಿಗೂ ಸಂಚಾರವುಂಟು. 2019ರಲ್ಲಿ ವಕ್ರಾಕ್ಕೆ ಮೆಟ್ರೊ ಬಂದ ಮೇಲೆ, ಕೆಂಪು ಮಾರ್ಗದಲ್ಲಿ ಹೊರಟು ಮುಶೈರಿಬ್ ನಿಲ್ದಾಣದಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಕತಾರಿನ ರಾಷ್ಟ್ರೀಯ ಗ್ರಂಥಾಲಯದ ಬಾಗಿಲಲ್ಲೇ ಇಳಿಯಬಹುದು. 2018ರಲ್ಲಿ ವಿಧಿವತ್ತಾಗಿ ಉದ್ಘಾಟನೆಗೊಂಡ ಆ ಭವನದಲ್ಲಿ ಅಕ್ಕಪಕ್ಕದ ದೇಶಗಳ ಮಕ್ಕಳು ನೆಲದ ಮೇಲೆ ಒರಗಿ ಓದುವುದನ್ನು ನೋಡುವುದೇ ಒಂದು ಸಂಭ್ರಮ. ನಮ್ಮ ಕನ್ನಡ ಪುಸ್ತಕಗಳು ಮಾತ್ರ ರಜೆಯಿಂದ ಮರಳುವವರ ಪೆಟ್ಟಿಗೆಗಳಲ್ಲಿ, ಉಪ್ಪಿನಕಾಯಿ ಭರಣಿಗಳ ನಡುವೆ ಬರುತ್ತವೆ. ಗಳಗನಾಥರು (1869–1942) ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ಅಲೆದು ಓದುಗರಿಗೆ ಮುಟ್ಟಿಸಿದರೆಂಬುದನ್ನು ನೆನೆದರೆ, ಎರಡು ಕಿಲೋ ಪುಸ್ತಕ ನಮಗೆ ಭಾರವೆನಿಸಬಾರದು. ಒಂದು ಮನೆಯ ಓದು ಮುಗಿದೊಡನೆ ಅವು ಇನ್ನೊಂದು ಮನೆಗೆ ಹೋಗುತ್ತವೆ.

ಕಳೆದ ವರ್ಷ ತಾಯಿ ತೀರಿಕೊಂಡರು. ಆ ನೋಟುಪುಸ್ತಕದಲ್ಲಿ ನಾವಿನ್ನೂ ಮಾಡದ ತಿಂಡಿಗಳು ಎಷ್ಟೋ ಇವೆ, ಅವುಗಳಲ್ಲಿ ಅವರು ಬರೆಯದೆ ಬಿಟ್ಟ ಉಪ್ಪುಗಳೂ ಇರಬೇಕು. ಇನ್ನು ಫೋನು ಮಾಡಿ ಕೇಳುವಂತಿಲ್ಲ. ಹಿರಿಯರು ಬರೆದಿಟ್ಟದ್ದು ನಮಗೆ ಉಳಿಯುತ್ತದೆ. ಎಲ್ಲರಿಗೂ ತಿಳಿದಿದೆಯೆಂದು ಬರೆಯದೆ ಬಿಟ್ಟದ್ದು, ಜೊತೆಯಲ್ಲಿ ಕುಳಿತು ಮಾಡಿದವರಿಗೆ, ತಿಂದವರಿಗೆ, ಓದಿದವರಿಗೆ ಮಾತ್ರ ದಾಟುತ್ತದೆ. ಆದ್ದರಿಂದ ಈ ಸಮ್ಮೇಳನದಿಂದ ಮನೆಗೆ ಮರಳುವ ಬಂಧುಗಳಲ್ಲಿ ನನ್ನದೊಂದು ವಿನಂತಿ. ಊರಿನಲ್ಲಿ ಹಿರಿಯರಿರುವವರು ಈ ವಾರವೇ ಫೋನು ಮಾಡಿ, ಮಕ್ಕಳ ಕೈಗೆ ಕೊಟ್ಟು, ಯಾವುದಾದರೊಂದು ತಿಂಡಿಯ ಹದವನ್ನು ಕೇಳಿಸಿರಿ. ಬರೆದುಕೊಳ್ಳುವವರು ಮಕ್ಕಳೇ ಆಗಿರಲಿ. ಕಾಗುಣಿತ ತಪ್ಪಿದರೆ ತಿದ್ದಬೇಡಿ.

ನಮ್ಮ ಮನೆಯ ಓವನ್ನಿನೊಳಗೆ ಈಗ ಬಾಣಲೆಗಳಿಗೆ ಜಾಗವಿಲ್ಲ. ಪ್ರತಿ ಶುಕ್ರವಾರ ಮಗಳು ಪುಸ್ತಕವನ್ನು ತೆರೆದು, ಪೆನ್ಸಿಲನ್ನು ಪಕ್ಕದಲ್ಲಿಟ್ಟುಕೊಂಡು, ಹಿಟ್ಟು ಅಳೆಯತೊಡಗುತ್ತಾಳೆ.