ಸಹಲ್ ಆಟದ ಏರಿಳಿತ: ದೋಷ ಕಾಲಿನದೋ, ಕಾಲದ್ದೋ?

ಒಬ್ಬ ಹುಡುಗ ಚೆನ್ನಾಗಿ ಆಡಿದ ದಿನ ಹೆಗಲ ಮೇಲೆ ಹೊತ್ತು ಮೆರೆಸುವ ಜನರೇ ಅವನು ಮಂಕಾದ ದಿನ ‘ಇವನಿಂದ ಏನೂ ಆಗದು’ ಎಂದು ಷರಾ ಬರೆದುಬಿಡುತ್ತಾರೆ. ಕ್ರೀಡಾಲೋಕದಲ್ಲಿ ಇದು ಹೊಸ ಮಾತೇನಲ್ಲ. ಆದರೆ ಭಾರತದ ಫುಟ್ಬಾಲ್‌ನಲ್ಲಿ ಹೊಗಳಿಕೆ, ತೆಗಳಿಕೆ ಎರಡನ್ನೂ ಸಹಲ್ ಅಬ್ದುಲ್ ಸಮದ್ ಅವರಷ್ಟು ಧಾರಾಳವಾಗಿ ಉಂಡ ಮಿಡ್‌ಫೀಲ್ಡರ್ ಇತ್ತೀಚಿನ ವರ್ಷಗಳಲ್ಲಿ ವಿರಳ. ಕೇರಳ ಬ್ಲಾಸ್ಟರ್ಸ್ ತಂಡದ ಅಭಿಮಾನಿಗಳು 2018ರಿಂದ 2023ರ ವರೆಗೆ ಈ ಒಬ್ಬ ಆಟಗಾರನ ಬಗ್ಗೆ ಮಾಡಿದಷ್ಟು ವಾದ-ವಿವಾದವನ್ನು ಬೇರೆ ಯಾವ ವಿಷಯಕ್ಕೂ ಮಾಡಿರಲಾರರು.

ಸಹಲ್ ಹುಟ್ಟಿದ್ದು 1997ರ ಏಪ್ರಿಲ್ 1ರಂದು, ಕೊಲ್ಲಿ ರಾಷ್ಟ್ರದ ಅಲ್ ಐನ್‌ನಲ್ಲಿ. ಮನೆತನ ಕಣ್ಣೂರು ಜಿಲ್ಲೆಯ ಪಯ್ಯನ್ನೂರಿನದು. ಕಾಸರಗೋಡು ಜಿಲ್ಲೆಯ ಗಡಿ ದಾಟಿದೊಡನೆ ಸಿಗುವ ಈ ಊರು ಮುಂಬಯಿಯಲ್ಲಿ ನೆಲೆಸಿರುವ ಗಡಿನಾಡ ಕನ್ನಡಿಗರಿಗೆ ಅಪರಿಚಿತವಲ್ಲ. ರೈಲಿನಲ್ಲಿ ಊರಿಗೆ ಹೋಗುವಾಗ ಕಾಸರಗೋಡಿನಲ್ಲಿ ಇಳಿಯದೆ ನಿದ್ದೆ ಹೋದವರು ಎಚ್ಚರಗೊಳ್ಳುವುದು ಇಲ್ಲಿಯೇ! ಕೊಯ್ಲು ಮುಗಿದ ಗದ್ದೆಗಳಲ್ಲಿ ಏಳೇಳು ಜನ ಸೇರಿ ಆಡುವ ‘ಸೆವೆನ್ಸ್’ ಫುಟ್ಬಾಲ್‌ನ ಹುಚ್ಚು ಆ ಮಣ್ಣಿನಲ್ಲೇ ಇದೆ.

ಎಂಟರ ಹರೆಯದಲ್ಲಿ ಅಬುಧಾಬಿಯ ಅಲ್ ಎತಿಹಾದ್ ಅಕಾಡೆಮಿಯಲ್ಲಿ ಚೆಂಡು ಹಿಡಿದ ಹುಡುಗ ಕಾಲೇಜು ವ್ಯಾಸಂಗಕ್ಕೆಂದು ಕೇರಳಕ್ಕೆ ಬಂದ. ಕಣ್ಣೂರಿನ ಎಸ್.ಎನ್. ಕಾಲೇಜಿನಲ್ಲಿದ್ದಾಗ ವಿಶ್ವವಿದ್ಯಾಲಯದ ಆಟ, ಬಳಿಕ ರಾಜ್ಯದ 21ರ ಒಳಗಿನವರ ತಂಡ, ಸಂತೋಷ್ ಟ್ರೋಫಿ, ಆಮೇಲೆ ಬ್ಲಾಸ್ಟರ್ಸ್‌ನ ಮೀಸಲು ತಂಡ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ, 2017-18ರ ಇಂಡಿಯನ್ ಸೂಪರ್ ಲೀಗ್ ಮುಗಿಯುತ್ತಾ ಬಂದಾಗ ಮುಖ್ಯ ತಂಡದ ಅಂಗಿ ತೊಟ್ಟ.

ಪ್ರಶಸ್ತಿಯೂ ಬಂತು, ಭಾರವೂ ಬಂತು

2018-19ರ ಋತು ಬ್ಲಾಸ್ಟರ್ಸ್ ಪಾಲಿಗೆ ಕೆಟ್ಟದಾಗಿತ್ತು. ಹತ್ತು ತಂಡಗಳಲ್ಲಿ ಒಂಬತ್ತನೆಯ ಸ್ಥಾನ. ಆ ಕತ್ತಲೆಯಲ್ಲಿ ಕೊಚ್ಚಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದ ಪ್ರೇಕ್ಷಕರಿಗೆ ಕಂಡ ಒಂದೇ ದೀಪ ಸಹಲ್. ಮೂವರು ಎದುರಾಳಿಗಳ ನಡುವೆ ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ತಿರುಗುವುದು, ತಲೆ ಎತ್ತಿ ನೋಡಿ ಯಾರೂ ಊಹಿಸದ ಜಾಗಕ್ಕೆ ಪಾಸ್ ಕೊಡುವುದು, ಇವೆಲ್ಲ ಭಾರತೀಯ ಆಟಗಾರರಲ್ಲಿ ಅಪರೂಪವಾಗಿ ಕಾಣುವ ಗುಣಗಳು. 18 ಲೀಗ್ ಪಂದ್ಯಗಳಲ್ಲಿ 17ರಲ್ಲಿ ಆಡಿದ ಅವರಿಗೆ ಲೀಗ್‌ನ ಉದಯೋನ್ಮುಖ ಆಟಗಾರ ಪ್ರಶಸ್ತಿ ಬಂತು. ಅಖಿಲ ಭಾರತ ಫುಟ್ಬಾಲ್ ಫೆಡರೇಶನ್ ಕೂಡ ಅದೇ ಗೌರವ ನೀಡಿತು. 2019ರ ಜೂನ್ 5ರಂದು ಥಾಯ್ಲೆಂಡಿನ ಕಿಂಗ್ಸ್ ಕಪ್‌ನಲ್ಲಿ ಕುರಸಾವ್ ವಿರುದ್ಧ ಭಾರತದ ಪರ ಪದಾರ್ಪಣೆಯೂ ಆಯಿತು.

ಅಲ್ಲಿಗೆ ಅಭಿಮಾನಿಗಳು ಒಂದು ಬಿರುದು ಕಟ್ಟಿಬಿಟ್ಟರು: ‘ಭಾರತದ ಓಝಿಲ್’. ಪ್ರೀತಿಯಿಂದ ಕೊಟ್ಟ ಬಿರುದೇ. ಆದರೆ ಪ್ರೀತಿ ಕೆಲವೊಮ್ಮೆ ಹೊರೆಯೂ ಆಗುತ್ತದೆ. ಜರ್ಮನಿಯ ಮೆಸುತ್ ಓಝಿಲ್ ಐದು ವರ್ಷ ರೋಟ್-ವೈಸ್ ಎಸ್ಸೆನ್‌ನ ಕಿರಿಯರ ತಂಡದಲ್ಲಿ ಪಳಗಿ, ಹದಿನೆಂಟು ತುಂಬುವ ಮೊದಲೇ ಶಾಲ್ಕೆ ಪರ ದೇಶದ ಅಗ್ರ ಲೀಗ್‌ನಲ್ಲಿ ಆಡಿದ್ದವರು. 21ರ ಹರೆಯದಲ್ಲಿ ಅವರು 2010ರ ವಿಶ್ವಕಪ್ ಆಡಿಯಾಗಿತ್ತು. ಅದೇ 21ರ ಹರೆಯದಲ್ಲಿ ಸಹಲ್ ತಮ್ಮ ಮೊದಲ ಪೂರ್ಣ ವೃತ್ತಿಪರ ಋತುವನ್ನು ಆಡುತ್ತಿದ್ದರು. ಹೋಲಿಕೆ ಶೈಲಿಯಲ್ಲಿ ಸರಿ ಇರಬಹುದು, ತಯಾರಿಯಲ್ಲಿ ಅಜಗಜಾಂತರ.

ಹಳದಿ ಪಾಳಯದ ಎರಡು ಪಂಗಡ

ಮುಂದಿನ ಎರಡು ಋತುಗಳಲ್ಲಿ ಲೀಗ್‌ನಲ್ಲಿ ಸಹಲ್ ಅವರಿಂದ ಒಂದೂ ಗೋಲು ಬರಲಿಲ್ಲ. ಎಲ್ಕೋ ಷಟ್ಟೋರಿ ಕೋಚ್ ಆಗಿದ್ದ 2019-20ರಲ್ಲಿ ಹಲವು ಬಾರಿ ಬದಲಿ ಆಟಗಾರರ ಬೆಂಚಿನ ಮೇಲೇ ಕುಳಿತಿರಬೇಕಾಯಿತು. ಆಗ ಆರಂಭವಾಯಿತು ನೋಡಿ ಚರ್ಚೆ. ಕೊಚ್ಚಿಯ ಚಹಾದಂಗಡಿಯಿಂದ ಹಿಡಿದು ಮುಂಬಯಿ, ಬೆಂಗಳೂರು, ದುಬೈಗಳ ಮಲಯಾಳಿ ವಸತಿಗಳ ತನಕ ಹಳದಿ ಅಂಗಿಯವರು ಎರಡು ಪಂಗಡವಾದರು.

ಒಂದು ಪಂಗಡದ ವಾದ ಹೀಗೆ: ಚೆಂಡು ಕಾಲಲ್ಲಿದ್ದಾಗ ಸೊಗಸು, ಸರಿ. ಆದರೆ ಗೋಲಿನ ಎದುರು ನಿಂತಾಗ ಕೊನೆಯ ಹೊಡೆತ ಗುರಿ ಮುಟ್ಟುವುದಿಲ್ಲ. ಎದುರಾಳಿ ಮೈಮೇಲೆ ಬಿದ್ದರೆ ಚೆಂಡು ಕಳೆದುಹೋಗುತ್ತದೆ. ಕಳೆದುಕೊಂಡ ಚೆಂಡಿಗಾಗಿ ಹಿಂದಕ್ಕೆ ಓಡುವುದೂ ಸಾಲದು. ಒಂದು ದಿನ ಮಿಂಚಿ ಮೂರು ದಿನ ಮರೆಯಾಗುವವನನ್ನು ನಂಬಿ ತಂಡ ಕಟ್ಟುವುದು ಹೇಗೆ?

ಇನ್ನೊಂದು ಪಂಗಡದ ಉತ್ತರ: ಹುಡುಗನನ್ನು ಅವನ ಜಾಗದಲ್ಲಿ ಆಡಿಸಿ ನೋಡಿದ್ದೀರಾ? ಇಂದು ಮೈದಾನದ ನಡುವೆ, ನಾಳೆ ಎಡ ಅಂಚಿನಲ್ಲಿ, ನಾಡಿದ್ದು ಕೊನೆಯ ಇಪ್ಪತ್ತು ನಿಮಿಷಕ್ಕೆ ಮುಂಚೂಣಿಯಲ್ಲಿ. ಹೀಗಾದರೆ ಯಾರ ಆಟ ತಾನೇ ಒಂದೇ ಸಮನಿರುತ್ತದೆ?

ನಿಷ್ಪಕ್ಷಪಾತವಾಗಿ ನೋಡಿದರೆ ಎರಡೂ ಕಡೆ ಸತ್ಯವಿತ್ತು. ಟೀಕಾಕಾರರು ತೋರಿಸಿದ ಕೊರತೆಗಳು ಕಲ್ಪನೆಯವಲ್ಲ. ಕೊನೆಯ ಹೊಡೆತದಲ್ಲಿ ಆತುರ, ಮೈಕಟ್ಟಿನಲ್ಲಿ ನಾಜೂಕು, ಇವೆರಡನ್ನೂ ಪಂದ್ಯ ನೋಡಿದ ಯಾರೂ ಅಲ್ಲಗಳೆಯಲಾರರು. ಆದರೆ ಆ ಕೊರತೆಗಳನ್ನು ತಿದ್ದಿಕೊಳ್ಳಲು ಅವರಿಗೆ ಎಷ್ಟು ಅವಕಾಶ ಸಿಕ್ಕಿತ್ತು ಎಂಬ ಪ್ರಶ್ನೆಯನ್ನು ಹೆಚ್ಚಿನವರು ಕೇಳಲೇ ಇಲ್ಲ.

ಐವರು ಕೋಚ್‌ಗಳು

ಲೆಕ್ಕ ತೆಗೆದು ನೋಡೋಣ. ಡೇವಿಡ್ ಜೇಮ್ಸ್, ನೆಲೊ ವಿಂಗಾಡ, ಎಲ್ಕೋ ಷಟ್ಟೋರಿ, ಕಿಬು ವಿಕುನಾ, ಇವಾನ್ ವುಕೊಮನೋವಿಚ್. 2018ರಿಂದ 2021ರ ಒಳಗೆ ಸಹಲ್ ಕಂಡ ಮುಖ್ಯ ಕೋಚ್‌ಗಳು ಇವರು. ಇಂಗ್ಲೆಂಡ್, ಪೋರ್ಚುಗಲ್, ನೆದರ್ಲೆಂಡ್ಸ್, ಸ್ಪೇನ್, ಸರ್ಬಿಯಾ, ಹೀಗೆ ಐವರೂ ಐದು ದೇಶದವರು. ಒಬ್ಬರು ಕಲಿಸಿದ ಪಾಠ ಮೈಗೂಡುವ ಮೊದಲೇ ಮತ್ತೊಬ್ಬರು ಹೊಸ ಸ್ಲೇಟು ಕೊಡುತ್ತಿದ್ದರು. ಶಾಲೆಯಲ್ಲಿ ವರ್ಷಕ್ಕೊಬ್ಬ ಗಣಿತದ ಮೇಷ್ಟ್ರು ಬದಲಾದರೆ ಮಗುವಿನ ಅಂಕಪಟ್ಟಿ ಏರಿಳಿಯುವುದು ಸಹಜ. ಆಗ ಪೋಷಕರು ಮಗುವನ್ನು ಮಾತ್ರ ಬೈಯುವುದಿಲ್ಲ, ಶಾಲೆಯನ್ನೂ ಪ್ರಶ್ನಿಸುತ್ತಾರೆ. ಫುಟ್ಬಾಲ್ ಮೈದಾನದಲ್ಲಿ ಮಾತ್ರ ಬೈಗುಳ ಆಟಗಾರನಿಗೇ ಮೀಸಲು.

ಎರಡನೆಯದು ಪಂದ್ಯಗಳ ಸಂಖ್ಯೆ. ಜರ್ಮನಿಯ ಅಗ್ರ ಲೀಗ್‌ನಲ್ಲಿ ಒಂದು ತಂಡಕ್ಕೆ ವರ್ಷಕ್ಕೆ 34 ಲೀಗ್ ಪಂದ್ಯಗಳು. 2018-19ರ ನಮ್ಮ ಲೀಗ್‌ನಲ್ಲಿ ಕೇವಲ 18. ಅಲ್ಲಿ ಎರಡು ಪಂದ್ಯ ಕೆಟ್ಟದಾಗಿ ಆಡಿದವನಿಗೆ ತಿದ್ದಿಕೊಳ್ಳಲು ಮೂವತ್ತೆರಡು ಉಳಿದಿರುತ್ತವೆ. ಇಲ್ಲಿ ಎರಡು ಕೆಟ್ಟವೆಂದರೆ ಋತುವಿನ ಒಂಬತ್ತನೆಯ ಒಂದು ಪಾಲೇ ಕಳೆದಂತೆ. ಸ್ಟ್ರೈಕರ್ ಆದವನು ಒಂದು ಗೋಲಿನಿಂದ ಮಾನ ಉಳಿಸಿಕೊಳ್ಳಬಹುದು. ಮಿಡ್‌ಫೀಲ್ಡರ್‌ನ ಕೆಲಸ ಹಾಗಲ್ಲ. ಯಾವಾಗ ಚೆಂಡು ಹಿಡಿಯಬೇಕು, ಯಾವಾಗ ಬಿಡಬೇಕು, ಜೊತೆಗಾರ ಯಾವ ಕಡೆ ಓಡುತ್ತಾನೆ ಎಂಬುದೆಲ್ಲ ಪಂದ್ಯ ಆಡಿ ಆಡಿಯೇ ಬರಬೇಕು. ಅಭ್ಯಾಸದ ಅಂಗಳದಲ್ಲಿ ಇದಕ್ಕೆ ಅಡ್ಡದಾರಿ ಇಲ್ಲ.

ಮೂರನೆಯದು ವಿದೇಶಿ ಆಟಗಾರರ ನಿಯಮ. 2018-19ರಲ್ಲಿ ಒಂದು ತಂಡ ಏಕಕಾಲಕ್ಕೆ ಐವರು ವಿದೇಶೀಯರನ್ನು ಆಡಿಸಬಹುದಿತ್ತು. 2021-22ರಿಂದ ಅದು ನಾಲ್ಕಕ್ಕೆ ಇಳಿಯಿತು. ಈ ಜಾಗಗಳಲ್ಲಿ ಹೆಚ್ಚಿನವು ತಂಡದ ಬೆನ್ನೆಲುಬಿಗೇ ಹೋಗುತ್ತವೆ: ರಕ್ಷಣೆಯ ನಡು, ಆಟ ಕಟ್ಟುವ ಮಿಡ್‌ಫೀಲ್ಡ್, ಗೋಲು ಹೊಡೆಯುವ ಮುಂಚೂಣಿ. ಆಟ ಕಟ್ಟುವುದೇ ಕಸುಬಾಗಿರುವ ಭಾರತೀಯ ಹುಡುಗನಿಗೆ ಉಳಿಯುವುದು ಅಂಚಿನ ಜಾಗ ಅಥವಾ ಬೆಂಚು.

ಹದ ಸಿಕ್ಕಿದ ವರ್ಷ

ಮೇಲಿನ ಮಾತಿಗೆ ಸಾಕ್ಷಿ ಬೇಕಿದ್ದರೆ 2021-22ರ ಋತುವನ್ನು ನೋಡಬೇಕು. ವುಕೊಮನೋವಿಚ್ ಸಹಲ್ ಅವರನ್ನು ಪಂದ್ಯದ ಮೇಲೆ ಪಂದ್ಯ ಆರಂಭದಿಂದ ಆಡಿಸಿದರು. ಉರುಗ್ವೆಯ ಅಡ್ರಿಯನ್ ಲೂನಾ ಜೊತೆ ಹೊಂದಾಣಿಕೆ ಬೆಳೆಯಿತು. ಅಂಚಿನಿಂದ ಒಳನುಗ್ಗುವ ಸ್ವಾತಂತ್ರ್ಯ ಸಿಕ್ಕಿತು. ಎರಡು ವರ್ಷ ಗೋಲು ಕಾಣದ ಕಾಲುಗಳಿಂದ ಆ ಋತುವಿನಲ್ಲಿ 6 ಗೋಲುಗಳು ಬಂದವು! ಋತು ಆರಂಭವಾಗುವ ಮೊದಲೇ, 2021ರ ಅಕ್ಟೋಬರ್ 16ರಂದು ಮಾಲ್ಡೀವ್ಸ್‌ನಲ್ಲಿ ನಡೆದ ಸ್ಯಾಫ್ ಫೈನಲ್‌ನಲ್ಲಿ ನೇಪಾಳದ ರಕ್ಷಕರನ್ನು ದಾಟಿ ಹೊಡೆದ ಗೋಲು ಭಾರತದ 3-0 ಗೆಲುವಿಗೆ ಕಳಶವಿಟ್ಟಿತ್ತು.

ಆದರೆ ಅದೃಷ್ಟದ ಆಟ ಬೇರೆಯೇ ಇತ್ತು. 2022ರ ಮಾರ್ಚ್ 11ರಂದು ಜಮ್ಶೆಡ್ಪುರ ವಿರುದ್ಧದ ಸೆಮಿಫೈನಲ್‌ನ ಮೊದಲ ಸುತ್ತಿನಲ್ಲಿ ಪಂದ್ಯದ ಏಕೈಕ ಗೋಲು ಹೊಡೆದ ಸಹಲ್, ತೊಡೆಯ ಸ್ನಾಯುವಿನ ನೋವಿನಿಂದ ಮುಂದಿನ ಎರಡು ಪಂದ್ಯ ತಪ್ಪಿಸಿಕೊಂಡರು. ಮಾರ್ಚ್ 20ರಂದು ಗೋವಾದ ಫತೋರ್ಡಾದಲ್ಲಿ ನಡೆದ ಫೈನಲ್ ಪೆನಾಲ್ಟಿಗೆ ಹೋಯಿತು. ಹೈದರಾಬಾದ್‌ನ ಗೋಲ್‌ಕೀಪರ್ ಲಕ್ಷ್ಮೀಕಾಂತ ಕಟ್ಟೀಮನಿ ಅಡ್ಡ ಗೋಡೆಯಾದರು. ಬ್ಲಾಸ್ಟರ್ಸ್ ಮೂರನೆಯ ಬಾರಿ ಫೈನಲ್‌ನಲ್ಲಿ ಸೋತಿತು. ‘ಸಹಲ್ ಇದ್ದಿದ್ದರೆ...’ ಎಂಬ ಉಸಿರು ಅಂದು ಟೀಕಾಕಾರರ ಬಾಯಿಂದಲೇ ಹೊರಟಿತ್ತು.

ಅದೇ ವರ್ಷ ಜೂನ್ 11ರಂದು ಕೋಲ್ಕತ್ತಾದಲ್ಲಿ ಏಷ್ಯನ್ ಕಪ್ ಅರ್ಹತಾ ಪಂದ್ಯ. ಸುನಿಲ್ ಛೇಟ್ರಿ ಕೊಟ್ಟ ಮುನ್ನಡೆಯನ್ನು ಅಫ್ಘಾನಿಸ್ತಾನ ಎರಡೇ ನಿಮಿಷದಲ್ಲಿ ಸಮ ಮಾಡಿದಾಗ, ಬದಲಿಯಾಗಿ ಇಳಿದಿದ್ದ ಸಹಲ್ ಹೆಚ್ಚುವರಿ ಅವಧಿಯಲ್ಲಿ ಗೆಲುವಿನ ಗೋಲು ತಂದರು.

ಬೆಂಗಳೂರಿನ ಕಂಠೀರವದಲ್ಲಿ

2022-23ರಲ್ಲಿ ಮತ್ತೆ ಇಳಿತ, 3 ಗೋಲು. ಆ ಋತು ಮುಗಿದದ್ದು ಕನ್ನಡಿಗರು ಮರೆಯಲಾರದ ಪಂದ್ಯದಲ್ಲಿ. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಛೇಟ್ರಿ ಹೊಡೆದ ಫ್ರೀ ಕಿಕ್ ಗೋಲನ್ನು ವಿರೋಧಿಸಿ ಬ್ಲಾಸ್ಟರ್ಸ್ ಮೈದಾನ ಬಿಟ್ಟು ನಡೆಯಿತು. ನಾಲ್ಕು ತಿಂಗಳ ಬಳಿಕ, ಜುಲೈ 4ರಂದು, ಅದೇ ಕಂಠೀರವದಲ್ಲಿ ಕುವೈತ್ ವಿರುದ್ಧ ಸ್ಯಾಫ್ ಫೈನಲ್. ಭಾರತ ಒಂದು ಗೋಲಿನಿಂದ ಹಿಂದೆ ಬಿದ್ದಿತ್ತು. ಲಾಲಿಯಾನ್‌ಝುವಾಲ ಛಾಂಗ್ಟೆ ಹೊಡೆದ ಸಮಬಲದ ಗೋಲಿಗೆ ಚೆಂಡು ಒದಗಿಸಿದವರು ಸಹಲ್. ಪೆನಾಲ್ಟಿಯಲ್ಲಿ ಭಾರತ ಗೆದ್ದಿತು. ಪತ್ರಿಕೆಗಳ ಶೀರ್ಷಿಕೆಯಲ್ಲಿ ಗೋಲು ಹೊಡೆದವರ ಹೆಸರು ಬಂತು, ಪಾಸ್ ಕೊಟ್ಟವರದ್ದು ಒಳಗಿನ ಸಾಲಿನಲ್ಲಿ. ಮಿಡ್‌ಫೀಲ್ಡರ್‌ನ ಬಾಳು ಎಂದರೆ ಇದೇ.

ಹತ್ತೇ ದಿನಗಳಲ್ಲಿ ಸಹಲ್ ಮೋಹನ್ ಬಾಗಾನ್ ಸೇರಿದ ಸುದ್ದಿ ಹೊರಬಿತ್ತು. ಬದಲಿಗೆ ಪ್ರೀತಂ ಕೋಟಾಲ್ ಕೊಚ್ಚಿಗೆ ಬಂದರು. ಬ್ಲಾಸ್ಟರ್ಸ್ ಖಾತೆಯಲ್ಲಿ ಸಹಲ್ ಬಿಟ್ಟುಹೋದದ್ದು 97 ಪಂದ್ಯ, 10 ಗೋಲು. ನೂರು ತುಂಬಲು ಮೂರು ಬಾಕಿ. ಅವರನ್ನು ಬೈಯುತ್ತಿದ್ದವರಲ್ಲೂ ಅನೇಕರು ಅಂದು ಕ್ಲಬ್ಬಿನ ಮೇಲೆ ಸಿಟ್ಟಾದದ್ದು ಗಮನಾರ್ಹ. ಮನೆಯ ಹುಡುಗನನ್ನು ಮನೆಯವರು ಗದರಬಹುದು, ಆದರೆ ಹೊರಗೆ ಕಳುಹಿಸಿದರೆ ಸಹಿಸಲಾರರು.

ಮೋಹನ್ ಬಾಗಾನ್‌ನಲ್ಲಿಯೂ ಗಾಯ ಬಿಡಲಿಲ್ಲ. ಆದರೂ 2024ರ ಏಪ್ರಿಲ್‌ನಲ್ಲಿ ತಂಡ ಲೀಗ್ ಶೀಲ್ಡ್ ಗೆದ್ದಿತು. ಅದೇ ತಿಂಗಳ 28ರಂದು ಒಡಿಶಾ ವಿರುದ್ಧದ ಸೆಮಿಫೈನಲ್‌ನಲ್ಲಿ ಬದಲಿಯಾಗಿ ಇಳಿದ ಸಹಲ್ ಹೆಚ್ಚುವರಿ ನಿಮಿಷಗಳಲ್ಲಿ ಗೋಲು ಹೊಡೆದು ತಂಡವನ್ನು ಫೈನಲ್‌ಗೆ ಒಯ್ದರು. ಅದೇ ಕಥೆ: ಕಡಿಮೆ ಸಮಯ, ದೊಡ್ಡ ಕೆಲಸ.

ತೀರ್ಪಿಗೆ ಮೊದಲು

ಹಾಗಾದರೆ ಗೆದ್ದ ಪಂಗಡ ಯಾವುದು? ಸಹಲ್ ಓಝಿಲ್ ಆಗಲಿಲ್ಲ, ಈ ಮಾತನ್ನು ಒಪ್ಪಲೇಬೇಕು. ಹಾಗೆಂದು ‘ಏನೂ ಆಗದವರು’ ಎಂಬುದೂ ಸುಳ್ಳಾಯಿತು. ಒಂದು ಮಾತಂತೂ ಸ್ಪಷ್ಟ. ಅವರಿಗೆ ಸತತ ಪಂದ್ಯ, ಗೊತ್ತಾದ ಜಾಗ, ನಂಬುವ ಕೋಚ್ ಮೂರೂ ಒಟ್ಟಿಗೆ ಸಿಕ್ಕಿದ ವರ್ಷ ಆಟ ಅರಳಿತು. ಮೂರರಲ್ಲಿ ಒಂದು ತಪ್ಪಿದಾಗ ಬಾಡಿತು. ಪ್ರತಿ ತಿಂಗಳು ಕಂತು ಕಟ್ಟದ ಖಾತೆಯಿಂದ ಅವಧಿ ಮುಗಿದಾಗ ಪೂರ್ತಿ ಮೊತ್ತ ಬರಲಿಲ್ಲವೆಂದು ದೂರಿದರೆ ಪ್ರಯೋಜನವೇನು?

ಈ ಚರ್ಚೆ ಸಹಲ್ ಅವರೊಂದಿಗೆ ಮುಗಿಯುವುದೂ ಇಲ್ಲ. ಬ್ಲಾಸ್ಟರ್ಸ್ ಅಕಾಡೆಮಿಯಲ್ಲೇ ಬೆಳೆದ, 2003ರಲ್ಲಿ ಹುಟ್ಟಿದ ಮಿಡ್‌ಫೀಲ್ಡರ್ ವಿಬಿನ್ ಮೋಹನನ್ ಬಗ್ಗೆ ಅಭಿಮಾನಿಗಳು ಅದೇ ಮಾತುಗಳನ್ನು ಆಡತೊಡಗಿದ್ದಾರೆ. ಒಂದು ವಾರ ಆಕಾಶಕ್ಕೆ, ಮರುವಾರ ಪಾತಾಳಕ್ಕೆ.

ಕನ್ನಡ ಸಂಘಗಳಿಗೂ ಇದರಲ್ಲೊಂದು ಪಾಠವಿದೆ. ವಾರ್ಷಿಕ ಕ್ರೀಡೋತ್ಸವದಲ್ಲಿ ಚುರುಕಾಗಿ ಆಡಿದ ಹುಡುಗನಿಗೆ ಶಾಲು, ಫಲಕ ಕೊಟ್ಟು ಫೋಟೊ ತೆಗೆಸಿಕೊಳ್ಳುವುದು ಸುಲಭ. ಮರುವರ್ಷ ಅವನು ಸೋತಾಗ ‘ತಲೆಗೇರಿತು’ ಎನ್ನುವುದು ಅದಕ್ಕಿಂತ ಸುಲಭ. ನಡುವಿನ ಹನ್ನೊಂದು ತಿಂಗಳು ಅವನಿಗೆ ಆಡಲು ಮೈದಾನ ಸಿಕ್ಕಿತೇ, ಕಲಿಸುವವರು ಇದ್ದರೇ, ಎಷ್ಟು ಪಂದ್ಯ ಆಡಿದ ಎಂದು ವಿಚಾರಿಸುವ ಪದಾಧಿಕಾರಿಗಳು ಪ್ರತಿ ಸಂಘದಲ್ಲಿ ಇಬ್ಬರಾದರೂ ಇದ್ದರೆ ಸಾಕು. ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ ಎಂಬ ಗಾದೆ ನಿಜ. ಆದರೆ ಮೊಳಕೆ ಕಂಡ ಮೇಲೆ ನೀರೆರೆಯುವ ಕೆಲಸ ಆ ಮೊಳಕೆಯದಲ್ಲ.