ಛಾಯಾಚಿತ್ರದ ಮೆಟಾಡೇಟಾ: ಉಳಿಸಬೇಕಾದುದೆಲ್ಲಿ, ಅಳಿಸಬೇಕಾದುದೆಲ್ಲಿ?

ಮೊಬೈಲಿನಲ್ಲಿ ತೆಗೆದ ಛಾಯಾಚಿತ್ರದ ಕಡತದಲ್ಲಿ ಕಣ್ಣಿಗೆ ಕಾಣದ ಕೆಲವು ವಿವರಗಳೂ ಇರುತ್ತವೆ. ದಿನಾಂಕ, ಸಮಯ, ಮೊಬೈಲಿನ ಮಾದರಿ ಹಾಗೂ ಲೊಕೇಶನ್ ಚಾಲನೆಯಲ್ಲಿದ್ದರೆ ಅಕ್ಷಾಂಶ-ರೇಖಾಂಶಗಳು ಅದರಲ್ಲಿ ದಾಖಲಾಗುತ್ತವೆ. ಇವುಗಳನ್ನು ಒಟ್ಟಾಗಿ ಮೆಟಾಡೇಟಾ ಎನ್ನುತ್ತಾರೆ. ಅಕ್ಷಾಂಶದಲ್ಲಿ ದಶಮಾಂಶ ಬಿಂದುವಿನ ನಂತರದ 4ನೇ ಸ್ಥಾನದ ಒಂದು ಅಂಕಿಯ ವ್ಯತ್ಯಾಸವೆಂದರೆ ನೆಲದ ಮೇಲೆ ಸುಮಾರು 11 ಮೀಟರ್. ಆದ್ದರಿಂದ ಈ ವಿವರವು ಗ್ರಾಮವನ್ನಷ್ಟೇ ಅಲ್ಲದೆ, ಮನೆಯನ್ನೂ ಗುರುತಿಸಬಲ್ಲದು.

ಕಾಮಗಾರಿ ಕಡತಕ್ಕೆ ಈ ವಿವರವು ಅವಶ್ಯಕ. ನರೇಗಾ ಕಾಮಗಾರಿಗಳಿಗೆ ಆರಂಭದ ಮುನ್ನ, ಪ್ರಗತಿಯಲ್ಲಿರುವಾಗ ಹಾಗೂ ಪೂರ್ಣಗೊಂಡ ನಂತರ ಜಿಯೋಟ್ಯಾಗ್ ಮಾಡುವ ಕ್ರಮದ ಉದ್ದೇಶವೂ ಸ್ಥಳ ಮತ್ತು ಕಾಲವನ್ನು ಖಚಿತಪಡಿಸುವುದೇ ಆಗಿದೆ. ಹಳೆಯ ಕೃಷಿಹೊಂಡದ ಚಿತ್ರವನ್ನು ಹೊಸ ಕಾಮಗಾರಿಗೆ ಲಗತ್ತಿಸಲಾಗಿದೆಯೇ ಎಂಬ ಪ್ರಶ್ನೆ ಸಾಮಾಜಿಕ ಪರಿಶೋಧನೆಯಲ್ಲಿ ಬಂದರೆ ಮೂಲ ಕಡತವು ಉತ್ತರಿಸಲು ನೆರವಾಗುತ್ತದೆ. ಆದರೆ ಮೆಟಾಡೇಟಾವನ್ನು ತಿದ್ದಲು ಸಾಧ್ಯವಿರುವುದರಿಂದ ಅದು ಅಳತೆ ಪುಸ್ತಕಕ್ಕಾಗಲಿ ಸ್ಥಳ ಪರಿಶೀಲನೆಗಾಗಲಿ ಪರ್ಯಾಯವಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ರೂಪದಲ್ಲಿ ಕಳುಹಿಸಿದಾಗ ಚಿತ್ರವು ಕುಗ್ಗುವುದರೊಂದಿಗೆ ಸ್ಥಳದ ವಿವರವೂ ಅಳಿಯುತ್ತದೆ. ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿದರೆ ಉಳಿಯುತ್ತದೆ. ಆದ್ದರಿಂದ ಗುಂಪಿನಿಂದ ಪಡೆದ ಫೋಟೋವನ್ನು ಮೂಲವೆಂದು ಕಡತಕ್ಕೆ ಸೇರಿಸಬಾರದು.

ಸಾರ್ವಜನಿಕ ಪ್ರಕಟಣೆಯ ವಿಷಯ ಬೇರೆ. ಒಂಟಿಯಾಗಿ ವಾಸಿಸುವ ಮಹಿಳೆಯ ವಸತಿ ಯೋಜನೆಯ ಮನೆ, ಕೂಸಿನ ಮನೆಯ ಮಕ್ಕಳು, ವಿಶೇಷಚೇತನ ಫಲಾನುಭವಿ ಮುಂತಾದವರ ಚಿತ್ರಗಳೊಂದಿಗೆ ಹೆಸರು ಮತ್ತು ನಿಖರ ಸ್ಥಳವೂ ಅಪರಿಚಿತರ ಕೈಸೇರಿದರೆ ಅವರ ಸುರಕ್ಷತೆಗೆ ಧಕ್ಕೆಯಾಗಬಹುದು. ಯೋಜನೆಯ ಪಾರದರ್ಶಕತೆಗೆ ಮನೆಯ ಅಕ್ಷಾಂಶವನ್ನು ಜಾಲತಾಣದಲ್ಲಿ ಹಂಚುವ ಅಗತ್ಯವಿಲ್ಲ. ಸಾರ್ವಜನಿಕ ಆಸ್ತಿಗಳಾದ ಕೆರೆ, ರಸ್ತೆ, ಚೆಕ್‌ಡ್ಯಾಂಗಳಿಗೆ ಈ ನಿರ್ಬಂಧ ಬೇಕಿಲ್ಲ.

ಅಳಿಸುವ ವಿಧಾನ ಸರಳವಾಗಿದೆ. ವಿಂಡೋಸ್ ಗಣಕಯಂತ್ರದಲ್ಲಿ ಕಡತದ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ಡೀಟೇಲ್ಸ್ ವಿಭಾಗದ ಕೆಳಭಾಗದಲ್ಲಿರುವ ರಿಮೂವ್ ಪ್ರಾಪರ್ಟೀಸ್ ಆಯ್ಕೆಯ ಮೂಲಕ ವಿವರಗಳಿಲ್ಲದ ಪ್ರತಿಯನ್ನು ಸಿದ್ಧಪಡಿಸಬಹುದು. ಜಿಪಿಎಸ್ ಕ್ಯಾಮೆರಾ ಆ್ಯಪ್‌ಗಳು ಚಿತ್ರದ ಮೇಲೆಯೇ ಮುದ್ರಿಸುವ ಸ್ಥಳದ ಪಟ್ಟಿ ಇದರಿಂದ ಹೋಗುವುದಿಲ್ಲ. ಅದನ್ನು ಪ್ರತ್ಯೇಕವಾಗಿ ಕತ್ತರಿಸಬೇಕು.

ಹೀಗಾಗಿ ಪ್ರತಿ ಕಾಮಗಾರಿಗೆ ‘ಮೂಲ’ ಮತ್ತು ‘ಪ್ರಕಟಣೆ’ ಎಂಬ ಎರಡು ಫೋಲ್ಡರ್‌ಗಳನ್ನು ನಿರ್ವಹಿಸುವುದು ಸೂಕ್ತ. ಮೊದಲನೆಯದರಲ್ಲಿ ಯಾವುದನ್ನೂ ಅಳಿಸಬಾರದು. ಎರಡನೆಯದಕ್ಕೆ ವ್ಯಕ್ತಿಗಳ ಹಾಗೂ ಮನೆಗಳ ಚಿತ್ರಗಳನ್ನು ಸ್ಥಳದ ವಿವರ ತೆಗೆಯದೆ ಸೇರಿಸಬಾರದು.